ಅಂಗಿಯೊಳಗಿನ ಅಂಗಿ

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಮಂಡಿಪೇಟೆಯಲ್ಲಿ ಮಾತ್ರ ಮಾಡಿದ್ದು ಬಕ್ಕೇಶ, ಉಂಡದ್ದು ಮಸ್ತಾನಸಾಬ್. ಇದು ಕಟ್ಟುಕಥೆಯಲ್ಲ, ಬೇಕಿದ್ದರೆ ಆ ಓಣಿಯ ಗೋಡೆ ನೋಡಿ ಬನ್ನಿ, ಕಲೆ ಇನ್ನೂ ಹಾಗೇ ಇದೆ.

ಬೆಳಿಗ್ಗೆ ಹರಿಹರದ ಬಸ್ಸಿಳಿದ ಬಕ್ಕೇಶ ಮೇಷ್ಟ್ರು ಶಾಲೆಯ ಹಿತ್ತಲಲ್ಲಿ ನಿಂತು, ಮೂಗಿಗೆ ಕರ್ಚೀಫು ಒತ್ತಿ, ಇಲಾಖೆಯ ದೊಡ್ಡ ಸಾಹೇಬರ ಗೊಗ್ಗರು ದನಿಯಲ್ಲಿ ಪಕ್ಕದ ಶಾಲೆಯ ಹೆಡ್ಮೇಷ್ಟ್ರಿಗೆ ಫೋನು ಹಚ್ಚಿದ್ದ. "ಏನ್ರೀ ಮಸ್ತಾನಸಾಬ್, ತಲೆ ಎಣಿಕೆ ನಾಳೆ ಅಲ್ಲ, ಇವತ್ತು ಹನ್ನೊಂದಕ್ಕೆ. ಮಕ್ಕಳು ಸಾಲಾಗಿ ನಿಂತಿರಬೇಕು, ಹಾಂ!"

ಒಂದೇ ಓಣಿಯಲ್ಲಿ ಎರಡು ಅನುದಾನಿತ ಶಾಲೆ. ಎರಡನ್ನೂ ತೂಗಿ ನೋಡಿ, ಸೋತದ್ದನ್ನು ಗೆದ್ದದ್ದರೊಳಗೆ ವಿಲೀನ ಮಾಡುವುದು ಇಲಾಖೆಯ ಯೋಜನೆ. ಸೌಲಭ್ಯಗಳ ಪಟ್ಟಿಯಲ್ಲಿ ಇಬ್ಬರೂ ಸಮ: ಇವರ ಕಂಪ್ಯೂಟರಿಗೆ ಕರೆಂಟಿರಲಿಲ್ಲ, ಅವರ ಕರೆಂಟಿಗೆ ಕಂಪ್ಯೂಟರಿರಲಿಲ್ಲ. ಉಳಿದದ್ದು ಮಕ್ಕಳ ತಲೆ. ಬಕ್ಕೇಶನ ನೌಕರಿ ಖಾಯಮಾಗುವ ಕಡತ ಹನ್ನೊಂದು ವರ್ಷದಿಂದ ಇಲಾಖೆಯಲ್ಲಿ ಮಲಗಿತ್ತು; ಶಾಲೆ ಮುಚ್ಚಿದರೆ ಅದು ಏಳುವಂತಿರಲಿಲ್ಲ.

ಎಣಿಕೆಯ ದಿನ ಮಕ್ಕಳನ್ನು ಕಡ ತರುವುದು ಹಳೆಯ ರೂಢಿ. ಆವರಗೆರೆಯ ದಿಲ್ಷಾದ್ ಬೇಗಂ ತಮ್ಮ ಟ್ಯೂಶನ್ನಿನ ಇಪ್ಪತ್ತು ಮಕ್ಕಳನ್ನು ವರ್ಷಕ್ಕೊಂದೇ ದಿನ ಬಕ್ಕೇಶನ ಶಾಲೆಗೆ ಕಳಿಸುತ್ತಿದ್ದರು. ಮಸ್ತಾನಸಾಬರೂ ಎಲ್ಲಿಂದಲೋ ತರುತ್ತಾರೆಂದು ಅವನಿಗೆ ಗೊತ್ತು. ಇವತ್ತೇ ತರಿಸಿ ಮುಗಿಸಲಿ, ಕಡದ ಮಕ್ಕಳು ಎರಡನೇ ದಿನಕ್ಕೆ ಸಿಗುವುದಿಲ್ಲ, ನಾಳೆ ಬರಿಗೈ; ಇಷ್ಟೇ ಅವನ ಲೆಕ್ಕ.

ಹನ್ನೊಂದಕ್ಕೆ ಮೂರು ಆಟೋ ಬಂದು ನಿಂತವು. ಮಸ್ತಾನಸಾಬರ ಶಾಲೆಯ ನೀಲಿ ಅಂಗಿ ತೊಟ್ಟ ಮಕ್ಕಳು ಪಕ್ಕದ ಗೇಟಿನತ್ತ ನಡೆದರು. ಎಲ್ಲರಿಗಿಂತ ಮುಂದಿದ್ದ ಹುಡುಗಿಯನ್ನು ಬಕ್ಕೇಶ ಗುರುತು ಹಿಡಿದ. ಅವಳು ಬೇಗಂ ಕಳಿಸುತ್ತಿದ್ದ ಇಪ್ಪತ್ತರಲ್ಲೊಬ್ಬಳು, ಬುಷ್ರಾ. ಹಾಜರಿಯಲ್ಲಿ 'ಸ್ನೇಹಾ' ಎಂದು ಕೂಗಿದರೆ 'ಹಾಜರ್ ಸರ್' ಎನ್ನಲು ಹೋದ ವರ್ಷ ಕಲಿಸಿದ್ದವನು ಅವನೇ.

ಅವನ ಹೆಡ್ಮೇಷ್ಟ್ರು ಕೆಂಚವೀರಪ್ಪನವರೂ ಕಂಡರು. "ಸಾಬ್ರೇ! ನಮ್ ಹುಡುಗ್ರನ್ನ ಕದೀತೀರೇನ್ರೀ?"

"ನಿಮ್ಮವಾ? ಅರೇ, ಐದು ವರ್ಷದಿಂದ ನಮ್ಮ ಸಾಲಿನಾಗೆ ನಿಂತಾವೆ!" ಎಂದರು ತಮ್ಮ ಗೇಟಿನಲ್ಲಿದ್ದ ಮಸ್ತಾನಸಾಬರು.

"ಬಿಡ್ರಿ ಕೈ!" ಕೆಂಚವೀರಪ್ಪ ಬುಷ್ರಾಳ ಒಂದು ಕೈ ಎಳೆದರು, ಸಾಬರು ಇನ್ನೊಂದು.

"ನೀವು ಬಿಡ್ರಿ ಮೊದ್ಲು!"

ಮಸ್ತಾನಸಾಬರು ನೂಕಿದ ರಭಸಕ್ಕೆ ಕೆಂಚವೀರಪ್ಪ ಚರಂಡಿಗೆ ಬಿದ್ದರು. ಎದ್ದವರೇ ಗೇಟಿನ ಪಕ್ಕ ನೇತುಹಾಕಿದ್ದ, ಶಾಲೆಯ ಗಂಟೆ ಹೊಡೆಯುವ ಕಬ್ಬಿಣದ ಸಲಾಕೆ ಕಿತ್ತುಕೊಂಡರು. ಗಂಟೆಯಂತೆಯೇ ಬಾರಿಸಿದರು. ಸಾಬರ ಬಾಯಿಂದ ಚಿಮ್ಮಿದ ರಕ್ತ ಗೋಡೆಗೆ ಹಾರಿತು. ಒಂದು ಹಲ್ಲು ಮಣ್ಣಿಗೆ ಬಿತ್ತು. ಸಾಬರು ಕೆಂಚವೀರಪ್ಪನವರ ಕೊರಳಪಟ್ಟಿ ಹಿಡಿದು ತಲೆಯನ್ನು ಗೇಟಿಗೆ ಗುದ್ದಿದರು, ಮತ್ತೆ ಗುದ್ದಿದರು. ಬಿಡಿಸಲು ಹೋದ ಬಕ್ಕೇಶನ ಹೆಗಲಿಗೆ ಸಲಾಕೆಯ ಎರಡನೇ ಏಟು. ಮೂಳೆ ಲಟಕ್ಕೆಂದದ್ದು ಅವನಿಗೇ ಕೇಳಿಸಿತು. ಬೀಳುತ್ತ ಆಸರೆಗೆಂದು ಕೈಗೆ ಸಿಕ್ಕಿದ್ದನ್ನು ಹಿಡಿದ. ಅದು ಇಮ್ರಾನನೆಂಬ ಹುಡುಗನ ನೀಲಿ ಅಂಗಿ. ಪರ್ರನೆ ಹರಿಯಿತು.

ಒಳಗೆ ಬಿಳಿ ಅಂಗಿ. ಜೇಬಿನ ಮೇಲೆ ಬಕ್ಕೇಶನ ಶಾಲೆಯ ಹೆಸರು.

ಸಲಾಕೆ ಗಾಳಿಯಲ್ಲೇ ನಿಂತಿತು. ಬುಷ್ರಾ ಅಳುತ್ತ ಹೇಳಿದಳು: "ಬೇಗಂ ಟೀಚರ್ರೇ ಎರಡೂ ಹಾಕ್ಕಳ್ರಿ ಅಂದಿದ್ರು ಸರ್. ಯಾರು ಕರೀತಾರೋ ಅವ್ರದ್ದು ಮ್ಯಾಲೆ."

"ಎಣಿಕೆ ಇರೋದು ನಾಳೆ ಕಣ್ರೀ," ಕೆಂಚವೀರಪ್ಪ ಹಣೆಯ ರಕ್ತ ಒರೆಸಿಕೊಂಡರು. "ಇವತ್ತು ಅಂತ ಯಾವನು ಹೇಳಿದ ನಿಮ್ಗೆ?"

"ದೊಡ್ಡ ಸಾಹೇಬ್ರೇ ಫೋನ್ ಮಾಡಿದ್ರು..." ಸಾಬರ ಮಾತು ಅಲ್ಲಿಗೇ ನಿಂತಿತು. ಗಣರಾಜ್ಯೋತ್ಸವದಲ್ಲಿ ಸಾಹೇಬರ ದನಿ ಮಾಡಿ ಓಣಿಯನ್ನೇ ನಗಿಸಿದವನು ಅವರ ಕಾಲಬಳಿ ನರಳುತ್ತಿದ್ದ. "ಬಕ್ಕೇಶ, ಇನ್ನೊಂದ್ಸಲ ಮಾಡು ಆ ದನಿ."

"ಸರ್, ತಪ್ಪಾತು..."

"ಮಾಡಲೇ!"

"ಮಕ್ಕಳು ಸಾಲಾಗಿ ನಿಂತಿರಬೇಕು, ಹಾಂ!" ನೋವಿಗೆ ದನಿ ಇನ್ನಷ್ಟು ಗೊಗ್ಗರಾಗಿ, ಸಾಹೇಬರೇ ಬಂದಂತಾಯಿತು.

ಅಷ್ಟರಲ್ಲಿ ಸುದ್ದಿ ತಿಳಿದ ದಿಲ್ಷಾದ್ ಬೇಗಂ ಬಂದಿಳಿದರು. ನೆತ್ತರು ನೋಡಿದವರೇ ಇಪ್ಪತ್ತೂ ಮಕ್ಕಳನ್ನು ಆಟೋಗೆ ತುಂಬಿದರು. "ನಾಳೆನೂ ಇಲ್ಲ, ಇನ್ಮ್ಯಾಲೂ ಇಲ್ಲ. ನಿಮ್ ಮಕ್ಕಳು ನಿಮಗೆ."

ಗಲಾಟೆಗೆ ಹೊರಬಂದು ಎರಡೂ ಗೇಟಿನಲ್ಲಿ ನಿಂತಿದ್ದ, ಶಾಲೆಗಳ ಸ್ವಂತ ಮಕ್ಕಳಷ್ಟೇ ಉಳಿದರು. ಬಕ್ಕೇಶ ಮಲಗಿದಲ್ಲಿಂದಲೇ ಎಣಿಸಿದ. ಸಾಬರ ಕಡೆ ಹನ್ನೊಂದು. ತಮ್ಮ ಕಡೆ ಒಂಬತ್ತು. ಮತ್ತೆ ಎಣಿಸಿದ. ಒಂಬತ್ತೇ.

ಮಸ್ತಾನಸಾಬರೂ ಬೆರಳು ಮಡಚುತ್ತ ಎಣಿಸಿದರು. ನಾಳೆ ಎರಡು ತಲೆಯಿಂದ ಗೆಲುವು ಅವರದ್ದೇ. ಬಗ್ಗಿ ಮಣ್ಣಿನಿಂದ ಹಲ್ಲು ಹೆಕ್ಕಿಕೊಂಡರು. ಭುಜ ಕುಲುಕತೊಡಗಿತು, ಅಳುತ್ತಿದ್ದಾರೆಂದುಕೊಂಡಿತು ಓಣಿ. ಮೊದಲು ಒಂದು ಮಗು ಕಿಸಕ್ಕೆಂದಿತು, ಆಮೇಲೆ ಆಟೋದವರು, ಆಮೇಲೆ ಕೆಂಚವೀರಪ್ಪನವರೂ. ಎಲ್ಲರಿಗಿಂತ ಜೋರಾಗಿ ಸಾಬರ ನಗು ಕೇಳುತ್ತಿತ್ತು, ಬಾಯಿಗೊತ್ತಿದ ಬಿಳಿ ಟವೆಲು ಕೆಂಪಾಗುತ್ತಿದ್ದ ಹಾಗೇ.