ಹಲೋ ಅಂದ ಕೂಡಲೇ ಕಟ್ಟಾದ ಒಂಬತ್ತು ಕರೆಗಳು

"ಮುಂದಿನ ಫೋನು ನಿನಗೇ."

ಏಳು ವರ್ಷದ ಹಿಂದೆ ಕೊಪ್ಪದ ಒಂದು ಮೊಬೈಲ್ ಅಂಗಡಿಯ ಮೆಟ್ಟಿಲಿಳಿಯುವಾಗ ಬಸವೇಶ್ ತಮ್ಮ ಹೆಂಡತಿ ವೀರಮ್ಮನಿಗೆ ಹೀಗೆ ಮಾತು ಕೊಟ್ಟಿದ್ದರು. ಅವತ್ತು ಕೊಂಡದ್ದು ಆ ಮನೆಯ ಮೊದಲ ಸ್ಮಾರ್ಟ್‌ಫೋನು. ಬಸವೇಶ್ ಬಾಳೆಹೊನ್ನೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಬಾಡಿಗೆಗೆ ಕರೆ ಬರುವುದು ಫೋನಿಗೇ ಆದ್ದರಿಂದ ಅದು ಅವರ ಜೇಬಿಗೆ ಹೋಯಿತು. ಎರಡನೆಯದು ಬರುವಾಗ ಶಾಲೆಗಳು ಮುಚ್ಚಿದ್ದವು, ಮಗಳು ಗಾನವಿಯ ಪಾಠ ಫೋನಿನಲ್ಲೇ ನಡೆಯುತ್ತಿತ್ತು. ಅದು ಅವಳದಾಯಿತು. ಮೊದಲನೆಯದು ಆಟೋದ ಚಕ್ರಕ್ಕೆ ಸಿಕ್ಕಿ ಪುಡಿಯಾದಾಗ ಮೂರನೆಯದು ಬಂತು. ಅದೂ ಬಸವೇಶರ ಜೇಬಿಗೆ. ವೀರಮ್ಮ ಕೇಳಲು ಹೋಗಲಿಲ್ಲ. ಕೇಳಿದರೆ ಇಲ್ಲ ಅನ್ನುವವರಲ್ಲ ಬಸವೇಶ್. "ಮುಂದಿನದ್ದು" ಅನ್ನುತ್ತಾರೆ, ಅಷ್ಟೇ.

ವೀರಮ್ಮನಿಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಅಂಗಡಿಯಿದೆ. ಅಂಗಡಿ ಅಂದರೆ ಬಾಡಿಗೆಗೆ ಹಿಡಿದ ಒಂದು ಕೋಣೆ, ಒಂದು ಮಿಷನ್ನು, ಒಂದು ಬೆಂಚು. ಅದಕ್ಕೂ ಮೊದಲು ಎಂಟು ವರ್ಷ ಅವರು ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಕಾಟ ಅವರಿಗೆ ಗೊತ್ತು. ಉಂಬಳ ತಡೆಯುವ ದಪ್ಪ ಬಟ್ಟೆಯ ಕಾಲುಚೀಲ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದು ಗಂಡಸರ ಕಾಲಿನ ಅಳತೆಯದು. ಹೆಂಗಸರು ಹಾಕಿಕೊಂಡರೆ ನಾಲ್ಕು ಹೆಜ್ಜೆಗೆ ಜಾರಿ ಪಾದದ ಹತ್ತಿರ ಗುಪ್ಪೆಯಾಗುತ್ತದೆ.

ಈ ಬೇಸಿಗೆಯಲ್ಲಿ ವೀರಮ್ಮ ಹೆಂಗಸರ ಅಳತೆಗೆ ನೂರಿಪ್ಪತ್ತು ಜೊತೆ ಹೊಲಿದರು. ಮೊಣಕಾಲಿನವರೆಗೆ ಬರುತ್ತದೆ, ಮೇಲೆ ಲಾಡಿ. ಸಣ್ಣದು, ಮಧ್ಯಮ, ದೊಡ್ಡದು, ಹೀಗೆ ಮೂರು ಅಳತೆ. ಮೇ ಎರಡನೇ ವಾರಕ್ಕೆ ಹೋದದ್ದು ಆರು ಜೊತೆ ಮಾತ್ರ, ಅದೂ ಓಣಿಯವರಿಗೇ.

"ಮಳೆ ಹಿಡಿಯೋದ್ರೊಳಗೆ ಇದು ಹೋಗ್ಲಿಲ್ಲ ಅಂದ್ರೆ ಕೋಣೆ ಬಿಟ್ಟುಬಿಡುವ," ಎಂದರು ಬಸವೇಶ್. "ಮಿಷನ್ ಮನೆಗೆ ತರುವ. ಬಾಡಿಗೆ ಕಟ್ಟಿ ಕಟ್ಟಿ ಎಷ್ಟು ದಿನ?"

ವೀರಮ್ಮ ಒಪ್ಪಿಕೊಂಡರು. ಕೋಣೆ ಬಿಟ್ಟರೆ ಮತ್ತೆ ಬೆಳಿಗ್ಗೆ ತೋಟದ ಜೀಪು ಹತ್ತಬೇಕೆಂದು ಇಬ್ಬರಿಗೂ ತಿಳಿದಿತ್ತು.

ಬಸವೇಶ್ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಫೋನಿನಲ್ಲಿ ಜಾಹೀರಾತು ಮಾಡಿಕೊಡುತ್ತೇವೆಂದು ಯಾರೋ ಕರೆ ಮಾಡಿದಾಗ ಮೂರು ಸಾವಿರ ಕೊಟ್ಟು ಒಂದು ವಿಡಿಯೋ ಹಾಕಿಸಿದರು. ಎರಡು ನಿಮಿಷದ ವಿಡಿಯೋ. ಮೊದಲು ಸೂರ್ಯ ಹುಟ್ಟುತ್ತಾನೆ, ಆಮೇಲೆ ಹೂವು ಅರಳುತ್ತದೆ, ಆಮೇಲೆ ಕಾಲುಚೀಲ. ಬೆಲೆ ಎಲ್ಲಕ್ಕಿಂತ ಕೊನೆಗೆ. ಕೆಳಗೆ ಬಸವೇಶರ ನಂಬರು.

ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ಸುಮನಾ ರವಿಕೆ ಹೊಲಿಸಲು ಬಂದಳು. ಅವಳು ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ರೀಚಾರ್ಜ್ ಮಾಡುವವಳು. ಬಸವೇಶ್ ಆಗಷ್ಟೇ ಆಟೋ ನಿಲ್ಲಿಸಿ ಬಂದು ಬೆಂಚಿನ ಮೇಲೆ ಕೂತಿದ್ದರು.

"ಹದಿನೆಂಟು ಸಾವಿರ ಜನ ನೋಡಿದ್ದಾರೆ ಮಾರಾಯ್ತಿ," ಎಂದು ಫೋನು ತೋರಿಸಿದರು.

"ಎಷ್ಟು ಜೊತೆ ಹೋಯ್ತು ಅಣ್ಣ?"

"ಅದೊಂದು ಕೇಳ್ಬೇಡ."

ವೀರಮ್ಮ ಮಿಷನ್ನಿನಿಂದ ತಲೆಯೆತ್ತಲಿಲ್ಲ. "ವಿಜಯಪುರದ ಕಡೆಯಿಂದ ಒಬ್ರು ಫೋನ್ ಮಾಡಿದ್ರು. ಉಂಬಳ ಅಂದ್ರೆ ಏನು ಅಂತ ಕೇಳೋಕೆ."

ಸುಮನಾ ನಕ್ಕಳು. "ಇಡೀ ರಾಜ್ಯಕ್ಕೆ ಹಾಕಿದ್ದಾರೆ ಅಣ್ಣ ಇದನ್ನ. ಉಂಬಳವೇ ಇಲ್ಲದ ಊರಿಗೆಲ್ಲ ಉಂಬಳದ ಚೀಲ ತೋರಿಸಿದ್ದಾರೆ. ನಿಮ್ಮ ಖಾತೆಯ ಪಾಸ್‌ವರ್ಡ್ ಏನಾದ್ರೂ ಕೊಟ್ಟಿದ್ದೀರಾ ಆ ಜಾಹೀರಾತಿನವರಿಗೆ?"

"ಕೇಳಿದ್ರು, ಕೊಟ್ಟೆ."

"ಮೊದಲು ಅದನ್ನ ಬದಲಾಯಿಸಿ. ಪಾಸ್‌ವರ್ಡ್, ಓಟಿಪಿ ಎರಡೂ ಯಾರಿಗೂ ಕೊಡೋದಲ್ಲ. ಅದಿಲ್ಲದೆ ಜಾಹೀರಾತು ಮಾಡೋಕೆ ಬರಲ್ಲ ಅಂದ್ರೆ ಅವರ ಹತ್ರ ಮಾಡಿಸೋದೇ ಬೇಡ."

ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಅವಳು ಬಂದ ಕರೆಗಳ ಪಟ್ಟಿ ನೋಡಿದಳು. ನೋಡುತ್ತಾ ಒಂದು ಕಡೆ ನಿಂತಳು.

"ಇದೆಲ್ಲ ಯಾರದು ಅಣ್ಣ? ನಾಲ್ಕು ಸೆಕೆಂಡು, ಆರು ಸೆಕೆಂಡು, ಮೂರು ಸೆಕೆಂಡು."

"ಅದು ರಾಂಗ್ ನಂಬರ್. ನಾನು ಹಲೋ ಅಂದ ಕೂಡಲೇ ಕಟ್ ಮಾಡ್ತಾರೆ."

"ಒಂಬತ್ತು ಇದೆ. ಒಂಬತ್ತೂ ಬೇರೆ ಬೇರೆ ನಂಬರ್."

"ಹಾಗಾದ್ರೆ ಒಂಬತ್ತು ರಾಂಗ್ ನಂಬರ್."

"ಎಲ್ಲಾ ಬೆಳಿಗ್ಗೆ ಏಳೂವರೆ ಆಸುಪಾಸು, ಇಲ್ಲ ಸಂಜೆ ಐದೂವರೆ ಮೇಲೆ. ನಡುವೆ ಒಂದೂ ಇಲ್ಲ. ರಾಂಗ್ ನಂಬರಿಗೂ ಡ್ಯೂಟಿ ಟೈಮ್ ಉಂಟಾ ಅಣ್ಣ?" ಸುಮನಾ ಫೋನನ್ನು ವೀರಮ್ಮನ ಕೈಗಿತ್ತಳು. "ಅಕ್ಕ, ನೀವು ಒಂದಕ್ಕೆ ಮಾಡಿ ನೋಡಿ. ನೀವೇ ಮಾತಾಡಿ."

ಗಂಟೆ ಆರಾಗುತ್ತಿತ್ತು. ವೀರಮ್ಮ ಸ್ಪೀಕರ್ ಹಾಕಿ ಕರೆ ಮಾಡಿದರು. ಎರಡನೇ ರಿಂಗಿಗೇ ಆ ಕಡೆಯವರು ಎತ್ತಿದರು.

"ನಾನು ವೀರಮ್ಮ ಅಂತ, ಬಾಳೆಹೊನ್ನೂರಿಂದ. ಉಂಬಳದ ಚೀಲ ಹೊಲಿಯೋಳು."

"ಓ, ಹೆಂಗಸರು ಹೊಲಿಯೋದಾ ಅದು?" ಮಾತಾಡಿದವಳು ಮುತ್ತಿನಕೊಪ್ಪದ ಸೌಂದರ್ಯಾ, ತೋಟದ ಕೆಲಸಕ್ಕೆ ಹೋಗುವವಳು. "ಗಂಡಸಿನ ದನಿ ಬಂತು, ಇಟ್ಟುಬಿಟ್ಟೆ ಅಕ್ಕ. ನನ್ನ ಮೀನಖಂಡ ಸ್ವಲ್ಪ ದಪ್ಪ. ಅದನ್ನೆಲ್ಲ ಅವರ ಹತ್ರ ಹೇಗೆ ಹೇಳೋದು?"

"ನೀನು ವಿಡಿಯೋ ಪೂರ್ತಿ ನೋಡಿದ್ಯಾ?"

"ಎಲ್ಲಿ! ನಂದು ಬಟನ್ ಫೋನು. ಜೀಪಿಗೆ ಕಾಯುವಾಗ ನಮ್ಮಲ್ಲಿ ಒಬ್ಬಳ ಫೋನಲ್ಲಿ ಎಂಟು ಜನ ನೋಡಿದ್ವಿ. ಹೂವು ಬಂತು, ಚೀಲ ಬಂತು, ಆಮೇಲೆ ಅಲ್ಲೇ ತಿರುಗ್ತಾ ಕೂತ್ಕೊಳ್ತು. ರೇಟು ಗೊತ್ತಾಗ್ಲಿಲ್ಲ. ತೋಟದೊಳಗೆ ಹೋದ್ರೆ ಸಿಗ್ನಲ್ಲೇ ಇಲ್ಲ, ಜೀಪು ನಿಲ್ಲೋ ತಿರುವಲ್ಲಿ ಮಾತ್ರ."

ವೀರಮ್ಮ ಬೆಲೆ ಹೇಳಿದರು, ಅಳತೆ ಕೇಳಿದರು. ಸೌಂದರ್ಯಾ ಮೂರು ಜೊತೆ ಬೇಕೆಂದಳು.

ಬಸವೇಶ್ ಬೆಂಚಿನಿಂದ ಎದ್ದು ಫೋನು ಇಸಿದುಕೊಂಡು ಆ ಒಂಬತ್ತು ಕರೆಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ, "ನನ್ನ ದನಿ ಅಷ್ಟು ಕೆಟ್ಟದಾಗಿದ್ಯಾ?" ಎಂದರು.

"ದನಿ ಚೆನ್ನಾಗೇ ಇದೆ," ಎಂದರು ವೀರಮ್ಮ. "ಮೀನಖಂಡ ಕೇಳೋ ದನಿ ಅಲ್ಲ."

ಸುಮನಾ ತನ್ನ ಚೀಲದಿಂದ ಒಂದು ಚೀಟಿ ತೆಗೆದಳು. ಯಾರ ಫೋನಿಗೆ ಯಾವ ರೀಚಾರ್ಜ್ ಹೋಗುತ್ತದೆಂದು ತಿಳಿಯಲು ಅವಳು ಹಿಂದಿನ ದಿನ ಅಂಗಡಿಗೆ ಬಂದ ಮೂವತ್ತು ಹೆಂಗಸರ ಲೆಕ್ಕವನ್ನು ಅದರಲ್ಲಿ ಹಾಕಿಟ್ಟಿದ್ದಳು. ಹೆಸರಿಲ್ಲ, ನಂಬರಿಲ್ಲ, ಬರೀ ಗೀಟು. ಹದಿಮೂರು ಜನರ ಕೈಯಲ್ಲಿ ಬಟನ್ ಫೋನು. ಎಂಟು ಜನ ರೀಚಾರ್ಜ್ ಮಾಡಿಸಿದ್ದು ಗಂಡನ ಹತ್ತಿರವೋ ಮಕ್ಕಳ ಹತ್ತಿರವೋ ಇರುವ ಫೋನಿಗೆ. ಸ್ವಂತ ಸ್ಮಾರ್ಟ್‌ಫೋನು ಇದ್ದದ್ದು ಒಂಬತ್ತು ಜನಕ್ಕೆ.

"ಈಗ ಮನೆಮನೆಗೂ ಸ್ಮಾರ್ಟ್‌ಫೋನ್ ಬಂದಿದೆ ಅಂತಾರಲ್ಲ ಅಣ್ಣ, ಅದು ಸರಿ. ಮನೆಗೆ ಬಂದಿದೆ. ಯಾರ ಕೈಗೆ ಬಂದಿದೆ ಅಂತ ಯಾರೂ ಕೇಳಲ್ಲ. ನಿಮ್ಮ ಗಿರಾಕಿ ಹೆಂಗಸರು. ಜಾಹೀರಾತು ಓಡ್ತಾ ಇರೋದು ಅವರ ಗಂಡಂದಿರ ಫೋನಲ್ಲಿ."

"ಆ ಮೂವತ್ತು ಜನರ ನಂಬರ್ ನಿನ್ನ ಹತ್ರ ಇರ್ತದಲ್ಲ, ಕೊಡು. ಎಲ್ಲರಿಗೂ ಮೆಸೇಜ್ ಹಾಕಿಬಿಡುವ," ಎಂದರು ಬಸವೇಶ್.

"ಕೊಡಲ್ಲ ಅಣ್ಣ. ಅವರು ರೀಚಾರ್ಜಿಗೆ ಕೊಟ್ಟದ್ದು ಅದು. ನಿಮ್ಮ ನಂಬರ್ ನಾನು ಹೀಗೆ ಹಂಚಿದ್ರೆ ಸುಮ್ನೆ ಇರ್ತೀರಾ? ಅಂಗಡಿಗೆ ಬಂದವರನ್ನ ಕೇಳಿ, ಒಪ್ಪಿದವರ ನಂಬರ್ ಬರ್ಕೊಳ್ಳಿ. ಬೇಡ ಅಂದವರಿಗೆ ಕಳಿಸ್ಬೇಡಿ."

ಮರುದಿನ ಹೊಸ ಜಾಹೀರಾತು ತಯಾರಾಯಿತು. ವಿಡಿಯೋ ಬೇಡವೆಂದಳು ಸುಮನಾ; ಸಿಗ್ನಲ್ ಕಡಿಮೆ ಇರುವ ಕಡೆ ಒಂದು ಫೋಟೋ ಬೇಗ ತೆರೆಯುತ್ತದೆ. ವೀರಮ್ಮ ತಮ್ಮದೇ ಕಾಲಿಗೆ ಚೀಲ ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಗಾನವಿ ಫೋಟೋ ತೆಗೆದಳು. ಬೆಲೆ, ಮೂರು ಅಳತೆ, ಊರು, ಎಲ್ಲವೂ ಫೋಟೋದ ಮೇಲೇ ದಪ್ಪ ಅಕ್ಷರದಲ್ಲಿ ಬಂತು.

"ಉಂಬಳ ಹತ್ತೋದೇ ಇಲ್ಲ, ನೂರಕ್ಕೆ ನೂರು ಗ್ಯಾರಂಟಿ ಅಂತ ಹಾಕು," ಎಂದರು ಬಸವೇಶ್.

"ಕುತ್ತಿಗೆಗೆ ಹತ್ತೋದಕ್ಕೆ ನಾನೆಂತ ಗ್ಯಾರಂಟಿ ಕೊಡೋದು?" ಎಂದರು ವೀರಮ್ಮ. "ಮೊಣಕಾಲಿನವರೆಗೆ ಅಂತ ಇರ್ಲಿ. ಸುಳ್ಳು ಹೇಳಿದ್ರೆ ಮುಂದಿನ ವರ್ಷ ಅದೇ ಜೀಪಿನಲ್ಲಿ ನನ್ನ ಬೈಕೊಂಡು ಹೋಗ್ತಾರೆ."

ಓದಲು ಬಾರದವರಿಗಾಗಿ ವೀರಮ್ಮ ಅರ್ಧ ನಿಮಿಷ ಮಾತಾಡಿದ್ದನ್ನೂ ರೆಕಾರ್ಡ್ ಮಾಡಿದರು. ಇನ್ನು ಉಳಿದದ್ದು ನಂಬರು. ಅಲ್ಲಿ ಮತ್ತೆ ತಕರಾರು ಬಂತು.

"ಹೆಂಗಸರ ನಂಬರ್ ಹಾಕಿದ್ರೆ ಕಂಡಕಂಡವರೆಲ್ಲ ಫೋನ್ ಮಾಡ್ತಾರೆ," ಎಂದರು ಬಸವೇಶ್. ಇದು ಹಟದ ಮಾತಲ್ಲ, ಆಗುವಂಥದ್ದೇ.

"ಅದಕ್ಕೇ ಅಂಗಡಿಗೆ ಬೇರೆ ಸಿಮ್," ಎಂದಳು ಸುಮನಾ. "ಮಾತಾಡೋ ಹೊತ್ತು ಬರೆದುಬಿಡಿ, ಬೆಳಿಗ್ಗೆ ಏಳರಿಂದ ಎಂಟೂವರೆ, ಸಂಜೆ ಐದರಿಂದ ಏಳು. ಉಳಿದ ಹೊತ್ತು ಆಫ್. ಯಾರಾದ್ರೂ ಕಿರಿಕಿರಿ ಮಾಡಿದ್ರೆ ಆ ನಂಬರ್ ನನ್ನ ಹತ್ರ ತನ್ನಿ, ಬ್ಲಾಕ್ ಮಾಡಿಕೊಡ್ತೇನೆ."

ವೀರಮ್ಮ ತಮ್ಮ ಆಧಾರ್ ಕೊಟ್ಟು ತಮ್ಮ ಹೆಸರಿನಲ್ಲೇ ಸಿಮ್ ತೆಗೆದುಕೊಂಡರು. ಸುಮನಾಳ ಅಂಗಡಿಯ ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಹಳೇ ಬಟನ್ ಫೋನಿಗೆ ಅದನ್ನು ಹಾಕಿದರು. ಬಾಳೆಹೊನ್ನೂರಿನ ಸುತ್ತ ಮೂವತ್ತು ಕಿಲೋಮೀಟರಿಗೆ ಮಾತ್ರ, ದಿನಕ್ಕೆ ನೂರು ರೂಪಾಯಿಯಂತೆ ಏಳು ದಿನ ಜಾಹೀರಾತು ಹಾಕಿದ್ದು ಬಸವೇಶರ ಫೋನಿನಿಂದಲೇ. ಒಪ್ಪಿದವರಿಗೆ ಫೋಟೋ ಮತ್ತು ಮಾತು ಕಳಿಸುವುದು ಬೆಳಿಗ್ಗೆ ಏಳಕ್ಕೆ, ಜೀಪಿಗೆ ಕಾಯುವ ಹೊತ್ತಿಗೆ.

ಮೊದಲ ದಿನ ಎರಡು ಕರೆ. ಎರಡನೇ ದಿನ ಒಂದೇ. ಬಸವೇಶ್ ಕೋಣೆಯ ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆದರು, ಮಿಷನ್ ಹೊರಗೆ ತರುವುದು ಹೇಗೆಂದು. ಮೂರನೇ ದಿನ ಆರು ಕರೆ ಬಂತು. ನಾಲ್ಕನೇ ದಿನ ಮೇಗುಂದದ ಕಡೆಯ ಒಂದು ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಹರಿಹರ ಎಂಬವರು ಮಾತಾಡಿದರು. "ನಮ್ಮ ಹೆಣ್ಣಾಳುಗಳು ನಾಲ್ಕು ದಿನದಿಂದ ತಲೆ ತಿಂತಿದ್ದಾರೆ ಮಾರಾಯ್ರೆ. ಇಪ್ಪತ್ತನಾಲ್ಕು ಜೊತೆ ಬೇಕು. ಅಳತೆ ಅವರೇ ಹೇಳ್ತಾರಂತೆ, ನನ್ನ ಹತ್ರ ಹೇಳೋದಿಲ್ಲವಂತೆ. ಫೋನ್ ಅವರಿಗೇ ಕೊಡ್ತೇನೆ ಇರಿ."

ಕರೆ ಮಾಡಿದವರನ್ನೆಲ್ಲ ವೀರಮ್ಮ ಒಂದೇ ಪ್ರಶ್ನೆ ಕೇಳಿ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿದರು. ಹೇಗೆ ಗೊತ್ತಾಯ್ತು? ಫೋಟೋ ನೋಡಿದೆ ಎಂದವರು ಕಡಿಮೆ. ನೋಡಿದವಳು ಹೇಳಿದಳು ಎಂದವರೇ ಹೆಚ್ಚು.

"ಎಷ್ಟು ಜನ ನೋಡಿದ್ರು ಅಂತ ಫೋನ್ ಹೇಳ್ತದೆ," ಎಂದಳು ಸುಮನಾ. "ಎಷ್ಟು ಜನ ಕೊಂಡ್ರು, ಯಾಕೆ ಕೊಂಡ್ರು ಅಂತ ನಾವೇ ಕೇಳ್ಬೇಕು."

ಕಾಲುಚೀಲ ಮುಟ್ಟಿಸುವ ಕೆಲಸ ಬಸವೇಶರದಾಯಿತು. ಬಾಡಿಗೆಗೆ ಹೋದ ದಾರಿಯಲ್ಲೇ ಜೀಪು ನಿಲ್ಲುವ ತಿರುವುಗಳಲ್ಲಿ ಆಟೋ ನಿಲ್ಲಿಸಿ ಕೊಟ್ಟು ಬಂದರು. "ವೀರಮ್ಮನ ಮನೆಯವರಾ?" ಎಂದು ಎಲ್ಲ ಕಡೆಯೂ ಕೇಳಿದರಂತೆ. ಮೊದಲ ದಿನ ಮುಖ ಸಣ್ಣದಾಗಿತ್ತು. ಆಮೇಲೆ ಅವರೇ, "ವೀರಮ್ಮನ ಕಡೆಯಿಂದ" ಎಂದು ಹಾರ್ನ್ ಹೊಡೆಯತೊಡಗಿದರು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಆ ದಿನ ಅಂಗಡಿಯಲ್ಲಿ ಉಳಿದಿದ್ದದ್ದು ಹತ್ತೊಂಬತ್ತು ಜೊತೆ, ಹೆಚ್ಚಿನವು ಸಣ್ಣ ಅಳತೆಯವು. ದೊಡ್ಡದನ್ನು ಇನ್ನಷ್ಟು ಹೊಲಿಯಬೇಕಿತ್ತು. ಕೋಣೆ ಬಿಡುವ ಮಾತು ಮತ್ತೆ ಬರಲಿಲ್ಲ.

ಅಂಗಡಿ ಇಟ್ಟಿರುವ ಅಣ್ಣಂದಿರೇ, ಸಂಘದಲ್ಲಿ ಹಪ್ಪಳ, ಉಪ್ಪಿನಕಾಯಿ, ಬಟ್ಟೆ ಮಾಡಿ ಮಾರುವ ಅಕ್ಕಂದಿರೇ, ಫೋನಿನಲ್ಲಿ ಜಾಹೀರಾತು ಹಾಕಲು ದುಡ್ಡು ಬಿಚ್ಚುವ ಮೊದಲು ಒಂದು ದಿನ ಸುಮ್ಮನೆ ಗಮನಿಸಿ. ನಿಮ್ಮ ಗಿರಾಕಿಯ ಕೈಯಲ್ಲಿ ಯಾವ ಫೋನಿದೆ, ಅದು ಯಾರದು, ಯಾವ ಹೊತ್ತಿಗೆ ಎಲ್ಲಿ ನಿಂತು ನೋಡುತ್ತಾರೆ? ಅಷ್ಟು ದೂರಕ್ಕೆ, ಆ ಹೊತ್ತಿಗೆ ಮಾತ್ರ ಹಾಕಿ. ಬೆಲೆಯನ್ನು ಮೊದಲೇ ಹೇಳಿ. ಕೇಳದೆ ಯಾರಿಗೂ ಕಳಿಸಬೇಡಿ. ಗಿರಾಕಿ ಯಾರ ಹತ್ತಿರ ಮಾತಾಡಲು ಇಷ್ಟಪಡುತ್ತಾರೋ ಅವರ ನಂಬರು ಕೊಡಿ. ಆ ನಂಬರು ಮನೆಯ ಹೆಂಗಸಿನದಾದರೆ, ಫೋನೂ ಅವಳ ಕೈಯಲ್ಲಿರಲಿ.

ಜೂನ್ ಕೊನೆಗೆ ವೀರಮ್ಮ ಕೊಪ್ಪದ ಬಸ್ಸು ಹತ್ತಿದರು. ಬಟನ್ ಫೋನಿನ ಸಿಮ್ಮು ಈಗ ಒಂದು ಹೊಸ ಸ್ಮಾರ್ಟ್‌ಫೋನಿನಲ್ಲಿದೆ. ಅದನ್ನು ಕೊಂಡದ್ದು ಅವರ ಅಂಗಡಿಯ ದುಡಿಮೆಯಿಂದ. ಏಳು ವರ್ಷದ ಹಿಂದೆ ಕೊಟ್ಟ ಮಾತನ್ನು ಬಸವೇಶ್ ಉಳಿಸಿಕೊಳ್ಳಲಿಲ್ಲ.