ಹೊರಡುವ ದಿನದ ಬಟ್ಟೆ

ಮ್ಯೂರಿಯಲ್ ದಿಂಬಿನ ಕವರನ್ನು ನೀರಿಗೆ ಅದ್ದುವಷ್ಟರಲ್ಲಿ ಎಥೆಲ್ ಓಡಿಬಂದು ಕಿತ್ತುಕೊಂಡಳು.

“ಇವತ್ತು ಬಟ್ಟೆ ಒಗೀತಾರೇನೇ? ನಿಮ್ಮಪ್ಪ ಹೊರಡೋ ದಿನ!”

“ಅಪ್ಪ ಹೊರಟಿರೋದು ಸ್ಮಶಾನಕ್ಕಮ್ಮಾ, ಸಮುದ್ರಕ್ಕಲ್ಲ. ಇನ್ನೇನು ಮುಳುಗೋದಿದೆ?”

“ಹೊರಡೋದು ಅಂದ್ರೆ ಹೊರಡೋದೇ. ಬಾಯಿ ಮುಚ್ಚು.”

ಇಂಗ್ಲೆಂಡಿನ ಬಂದರು ಗ್ರಿಮ್ಸ್‌ಬಿಯ ಮೀನುಗಾರರ ಬೀದಿಯಲ್ಲಿ ಮನೆಯವರು ಕಡಲಿಗೆ ಹೊರಟ ದಿನ ಯಾವ ಹೆಂಗಸೂ ಬಟ್ಟೆ ಒಗೆಯುವುದಿಲ್ಲ. ಒಗೆದರೆ ಹೋದವನು ನೀರುಪಾಲು. ಎಥೆಲ್ ಒಂದೇ ಒಂದು ಸಲ ಒಗೆದಿದ್ದಳು.

*

ಆಗ ಯುದ್ಧ. ಗಂಡ ಆಂಬ್ರೋಸ್‌ನ ಟ್ರಾಲರಿನಿಂದ ನೌಕಾಪಡೆಯವರು ಮೀನಿನ ಬಲೆ ಕಿತ್ತುಹಾಕಿ, ಸಿಡಿಮದ್ದಿನ ಪೀಪಾಯಿಗಳನ್ನು ಹೇರಿ, ಜಲಾಂತರ್ಗಾಮಿಗಳ ಬೇಟೆಗೆ ಕಳಿಸಿದ್ದರು. ಕಿವಿಗೆ ಯಂತ್ರ ಹಾಕಿಕೊಂಡು ನೀರಿನಡಿಯ ಸದ್ದು ಆಲಿಸುವುದು ಆಂಬ್ರೋಸ್‌ನ ಕೆಲಸ. ಅಂದು ಅವರು ಕಾವಲು ಹೊರಟದ್ದು ಕಲ್ಲಿದ್ದಲು ಹಡಗುಗಳಿಗೆ. ಅವುಗಳಲ್ಲೊಂದರಲ್ಲಿ ಎಥೆಲ್‌ಳ ತಮ್ಮ ಸಿರಿಲ್ ಅಡುಗೆಯವನು. ಕೈಗೂಸು ಮ್ಯೂರಿಯಲ್‌ಗೆ ಭೇದಿ ಹತ್ತಿತ್ತು, ಒಣಗಿದ ಬಟ್ಟೆ ಒಂದೂ ಉಳಿದಿರಲಿಲ್ಲ. ಒಗೆದುಬಿಟ್ಟಳು.

ಆಂಬ್ರೋಸ್ ಬದುಕಿ ಬಂದ. ಸಿರಿಲ್‌ನ ಹಡಗನ್ನು ಜಲಾಂತರ್ಗಾಮಿ ಮುಳುಗಿಸಿತ್ತು.

“ನಾನೇ ಕೊಂದೆ, ನನ್ನ ಕೈಗಿಷ್ಟು ಬೆಂಕಿ ಹಾಕ!” ಎಂದು ಅವಳು ತೊಟ್ಟಿಗೆ ಹಣೆ ಚಚ್ಚಿಕೊಂಡಳು. ಆಂಬ್ರೋಸ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಹಾಗಲ್ಲ ಕಣೇ ಎನ್ನಲಿಲ್ಲ. ಅವಳ ತಾಯಂತೂ ಸಾಯುವವರೆಗೆ ಮಗಳ ಹೊಸ್ತಿಲು ತುಳಿಯಲಿಲ್ಲ.

*

ಈಗ ಆಂಬ್ರೋಸ್‌ನ ಶವಪೆಟ್ಟಿಗೆ ಮುಂಗೋಣೆಯಲ್ಲಿತ್ತು. ಅದೇ ಟ್ರಾಲರಿನಲ್ಲಿದ್ದ ಮುದುಕ ಎನಕ್ ರಮ್ಮಿನ ಗ್ಲಾಸು ಹಿಡಿದು ಎಥೆಲ್‌ಳ ಪಕ್ಕ ಕೂತ.

“ಸಿರಿಲ್ ಸತ್ತ ದಿನದ ಆ ಸದ್ದು ಕೊನೇವರೆಗೂ ಇವನ ಕಿವೀಲೇ ಇತ್ತು.”

“ಯಾವ ಸದ್ದು?”

“ಅದೇ, ಇವನ ಯಂತ್ರದಲ್ಲಿ ನೀರಿನಡಿ ಏನೋ ಸದ್ದು ಬಂತು. ಮದ್ದು ಹಾಕೋಣ್ವಾ ಅಂದ್ರು ಸಾಹೇಬ್ರು. ‘ಹೆರಿಂಗ್ ಮೀನಿನ ಹಿಂಡು ಸಾರ್, ನಂಗೊತ್ತಿಲ್ವಾ? ಬಿಡಿ’ ಅಂದ ಇವನು. ಮೀನುಗಾರನೇ ಹೇಳಿದ್ಮೇಲೆ ಅವರೂ ನಂಬಿದ್ರು. ಸ್ವಲ್ಪ ಹೊತ್ತಿಗೇ ಸಿರಿಲ್ ಹಡಗು ಢಂ ಅಂತು.” ಅವಳ ಮುಖ ನೋಡಿ ಎನಕ್ ತಡವರಿಸಿದ. “ಅಯ್ಯೋ ದೇವರೇ, ನಿಂಗೆ ಹೇಳಿರಲಿಲ್ವಾ?”

“ನಾನು ಅತ್ತಿದ್ದು ನೋಡಿದ್ದ, ಎನಕ್.”

“ಹೆದರಿದ್ದ ಕಣಮ್ಮ. ಎಲ್ಲಿ ಬಿಟ್ಟುಹೋಗ್ತೀಯೋ ಅಂತ.”

“ಅದಕ್ಕೆ ತನ್ನ ಪಾಪಾನ ನನ್ನ ತಲೆಗೆ ಕಟ್ಟಿದ್ನಾ?”

ಹೊರಗೆ ಶವದ ಗಾಡಿ ಬಂದು ನಿಂತಿತು. ಎಥೆಲ್ ಎದ್ದು ಅಡುಗೆಮನೆಗೆ ಹೋದಳು. ಕದದ ಹಿಂದೆ ನೇತಾಡುತ್ತಿದ್ದ ಆಂಬ್ರೋಸ್‌ನ ಕಡಲಂಗಿಯನ್ನು ತೊಟ್ಟಿಗೆ ಹಾಕಿ, ಕಪ್ಪು ಉಡುಪಿನ ತೋಳು ಮೇಲೇರಿಸಿ, ಸೋಪು ಹಚ್ಚಿ ಗಸಗಸ ಉಜ್ಜತೊಡಗಿದಳು.

“ಅಮ್ಮಾ! ಬೇಡ ಅಂದಿದ್ದು ನೀನೇ ಅಲ್ವಾ?”

“ಹೌದು. ಆಗ ಗೊತ್ತಿರಲಿಲ್ಲ.”

ಹಿಂಡಲೂ ಇಲ್ಲ. ಹಿತ್ತಿಲಿಗೆ ಒಯ್ಯದೆ, ಇಡೀ ಬೀದಿಗೆ ಕಾಣುವಂತೆ ಅದನ್ನು ಮುಂಬಾಗಿಲ ಮೇಲಿನ ಮೊಳೆಗೆ ನೇತುಹಾಕಿದಳು. ಎದುರುಮನೆಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಹೊತ್ತವರು ತಲೆ ತಗ್ಗಿಸಿ ಅದರಡಿಯಲ್ಲೇ ಪೆಟ್ಟಿಗೆಯನ್ನು ಹೊರತಂದರು. ಮುಚ್ಚಳದ ಮೇಲೆ ನೀರು ತೊಟತೊಟ ಬಿತ್ತು.