ಒಂಬತ್ತು ಸ್ಕ್ರೂ

ಸ್ಕ್ರೂ ಯಾಕೆ? ಆಯುಷ್ಯವೆಲ್ಲ ಮರದ ನೆಲ ಹಾಸಿದ ಅಪ್ಪ, ಹೊಡೆದರೆ ಮೊಳೆಯನ್ನೇ ಹೊಡೆದವನು. ‘ಸ್ಕ್ರೂ ಹಾಕೋನಿಗೆ ಮತ್ತೆ ಬಿಚ್ಚೋ ಮನಸ್ಸಿರುತ್ತೆ’ ಎನ್ನುತ್ತಿದ್ದವನು. ಹಾಗಾದರೆ ಅವನದೇ ಕೋಣೆಯಲ್ಲಿ, ಗೋಡೆಯ ಬುಡದ ಈ ಮರದ ಪಟ್ಟಿಗೆ ಒಂಬತ್ತು ಸ್ಕ್ರೂ ಯಾಕೆ?

ತೀರಿಕೊಂಡ ಅಪ್ಪನನ್ನು ನಡುಮನೆಗೆ ಒಯ್ದು ಮಲಗಿಸಿದ ಮೇಲೆ, ಮಂಚ ಸರಿಸಿದಾಗಲೇ ಮಗನಿಗೆ ಆ ಸ್ಕ್ರೂ ಕಂಡದ್ದು. ಸ್ಕ್ರೂಗಳ ತಲೆ ಸವೆದು ಹೊಳೆಯುತ್ತಿತ್ತು. ಎಷ್ಟೋ ಸಲ ಬಿಚ್ಚಿ ಹಾಕಿದ ಗುರುತು.

“ಏನಿಟ್ಟಿದಾನೋ ಅಲ್ಲಿ?” ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ನಿಂಗೆ ಗೊತ್ತಿರ್ಬೇಕಲ್ಲ.”

“ನಂಗ್ಯಾಕೆ ಗೊತ್ತಿರುತ್ತೆ? ಕಿವಿ ಕಚ್ಚೋದೆಲ್ಲ ನಿನ್ ಹತ್ರ ತಾನೆ?”

“ಈ ಮಂಚ ಸರಿಸೋಕೆ ನನ್ನೂ ಬಿಡ್ತಿರ್ಲಿಲ್ಲ ಕಣೋ. ಗುಡಿಸೋಕೆ ಹೋದ್ರೂ ಗದರೋನು.”

ಅಪ್ಪನ ಹಳೆಯ ಜೊತೆಗಾರ ಒಳಗೆ ಬಂದ. ಮರ ಹೆರೆಯುವ ಕೀಸುಳಿಯ ಹಾಗೆ ಮಾತಿನಲ್ಲೇ ಎಲ್ಲರ ಚರ್ಮ ಸುಲಿಯುವ ಅವನನ್ನು ಕೀಸುಳಿ ಮಾವ ಎಂದೇ ಕರೆಯುತ್ತಿದ್ದರು.

“ಅವನಿನ್ನೂ ಹೊಸ್ತಿಲು ದಾಟಿಲ್ಲ, ಆಗ್ಲೇ ನೆಲ ಅಗೀತಿದೀರಾ? ಗಾಡಿ ಬರೋವರೆಗಾದ್ರೂ ತಡೀರಪ್ಪ.” ಅಂದವನು ಹಲಗೆಯನ್ನು ಕಾಲಿಂದ ಒತ್ತಿ ನೋಡಿದ. “ಇಪ್ಪತ್ತೆರಡು ವರ್ಷ ಆಯ್ತು, ಕಿರ್ರ್ ಅನ್ನಲ್ಲ ನೋಡು. ‘ನನ್ ಮಗ ಒಬ್ನೇ ಹಾಸಿದ್ದು’ ಅಂತ ನಿಮ್ಮಪ್ಪ ಸಿಕ್ಕಸಿಕ್ಕವರ ಹತ್ರ ಸಾರ್ತಿದ್ದ.”

ಆ ಹೊಗಳಿಕೆಯಲ್ಲೂ ಮಗನಿಗೆ ಏನೋ ವಾಸನೆ ಹೊಡೆಯಿತು. ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡ.

*

ಇಪ್ಪತ್ತೆರಡು ವರ್ಷದ ಹಿಂದೆ ಮಗ ಒಬ್ಬನೇ ಹಾಸಿದ ಮೊದಲ ನೆಲ ಅದು. ಗೆದ್ದಲು ತಿಂದ ಹಳೆಯ ಹಲಗೆಗಳನ್ನು ಕಿತ್ತು, ಹೊಸವನ್ನು ಗೋಡೆಯಿಂದ ಗೋಡೆಗೆ ಕೂದಲೂ ತೂರದ ಹಾಗೆ ಕೂರಿಸಿದ್ದ. ಅಪ್ಪ ಒಂದು ಸುತ್ತು ನಡೆದು “ಹೂಂ” ಅಂದಿದ್ದ, ಅಷ್ಟೆ. ಮಳೆ ಹಿಡಿದ ವಾರ ಮಗನನ್ನು ದೂರದ ಕೆಲಸಕ್ಕೆ ಕಳಿಸಿದ. ಎರಡು ದಿನ ಮೊದಲೇ ಮರಳಿದವನಿಗೆ ಸಿಕ್ಕಿದ್ದು ಚಿಲಕ ಹಾಕಿದ ಬಾಗಿಲು, ಒಳಗೆ ಗರಗಸದ ಸದ್ದು.

“ಏನಪ್ಪಾ ಮಾಡ್ತಿದೀಯ?”

“ಗೆದ್ದಲು. ನೀನು ಊಟ ಮಾಡೋಗು.”

ಹೊಸ ತೇಗಕ್ಕೆ ಗೆದ್ದಲೇ? ಬಾಗಿಲು ತೆರೆದಾಗ ಗೋಡೆಯ ಬುಡಕ್ಕೆ ಪಟ್ಟಿ ಬಂದಿತ್ತು, ಅದಕ್ಕೊತ್ತಿ ಮಂಚ. ತನ್ನಿಂದಲೂ ಮುಚ್ಚಿಡುವಂಥದ್ದೇನು ಎಂದು ಮಗ ಕೇಳಲಿಲ್ಲ. ಮರುವಾರವೇ ಅಪ್ಪನ ಜೊತೆ ಬಿಟ್ಟು ಒಂದು ಮರದ ಕಾರ್ಖಾನೆ ಸೇರಿದ. ಆಮೇಲೆ ಅಪ್ಪ ಮಗ ಒಂದೇ ಹಲಗೆಗೆ ಕೈ ಹಾಕಲಿಲ್ಲ.

*

ಒಂಬತ್ತನೆಯ ಸ್ಕ್ರೂ ಬಿಚ್ಚಿತು. ಅಕ್ಕ ಬಗ್ಗಿದಳು. ಪಟ್ಟಿಯ ಹಿಂದೆ ಪೆಟ್ಟಿಗೆಯಿಲ್ಲ, ಕಾಗದವಿಲ್ಲ. ಹಲಗೆಗೂ ಗೋಡೆಗೂ ನಡುವೆ ಉದ್ದಕ್ಕೂ ಬೆರಳಗಲದ ಸಂದು. ಹಲಗೆಯ ಅಂಚನ್ನು ಅಪ್ಪನ ಗರಗಸ ನೇರವಾಗಿ ಕೊಯ್ದಿತ್ತು. ಆಮೇಲೆಯೂ ಅಲ್ಲಲ್ಲಿ ಉಳಿಯಿಂದ ಕೆತ್ತಿದ ಗುರುತುಗಳಿದ್ದವು.

ಮಳೆಗೆ ಮರ ಉಬ್ಬುತ್ತದೆ. ಸಂದು ಬಿಡದಿದ್ದರೆ ನೆಲ ಹೊಟ್ಟೆ ಬಿಟ್ಟು ಮೇಲೇಳುತ್ತದೆ. ಕಾರ್ಖಾನೆಯಲ್ಲಿ ಇದನ್ನು ಕಲಿಸಿದಾಗ, ನಮ್ಮನೆ ನೆಲ ಸಂದಿಲ್ಲದೆಯೇ ನಿಂತಿದೆ ಎಂದು ಅವನು ಜಂಬ ಕೊಚ್ಚಿದ್ದ.

“ಖಾಲೀನಾ? ಮೊದ್ಲೇ ತೆಗ್ದಿಟ್ಕೊಂಡ್ಯಾ?”

“ಈ ನೆಲ ಹಾಸಿದ್ದು ನಾನಲ್ಲ, ಅಕ್ಕ. ಅಪ್ಪ.”

ಹೊರಗೆ ಗಾಡಿ ಬಂದು ನಿಂತಿತು. ಮಗ ಪಟ್ಟಿಯನ್ನು ಮತ್ತೆ ಗೋಡೆಗೊತ್ತಿ ಮೊದಲನೆಯ ಸ್ಕ್ರೂ ತಿರುಗಿಸತೊಡಗಿದ.

ಇಪ್ಪತ್ತೆರಡು ಮಳೆಗಾಲಗಳಲ್ಲಿ ಅಪ್ಪ ಒಮ್ಮೆಯೂ, ನೀನು ಹಾಸಿದ್ದು ತಪ್ಪಾಗಿತ್ತು ಎಂದು ಹೇಳಿರಲಿಲ್ಲ.